ಕಂಬಳಿ ಮುಟ್ಟಿ ಹೇಳಿದ ಮಾತು

ನಮ್ಮ ಐದನೇ ತರಗತಿಯಲ್ಲಿ ಕಪ್ಪುಹಲಗೆಯ ಪಕ್ಕ ಒಂದು ಮೊಳೆ ಇದೆ. ಹೊಸದಾಗಿ ಬಂದ ಹೆಡ್‌ಮಾಸ್ತರರು ಅದನ್ನು ನೋಡಿ, "ಮೇಡಂ, ಸುಮ್ನೆ ಬಿದ್ದೈತೆ, ಒಂದು ಕ್ಯಾಲೆಂಡರಾದ್ರೂ ಹಾಕ್ರಿ" ಅಂದರು. ಆಗಲಿ ಸಾರ್ ಅಂದೆ, ಹಾಕಲಿಲ್ಲ. ಎರಡು ವರ್ಷ ಆ ಮೊಳೆಗೆ ಒಂದು ಕಂಬಳಿ ಚೀಲ ನೇತಾಡುತ್ತಿತ್ತು. ಅದು ಹೇಗೆ ಬಂತು, ಹೇಗೆ ಹೋಯಿತು ಅನ್ನುವುದನ್ನು ಹೇಳಿಬಿಡುತ್ತೇನೆ. ಒಳಗೇ ಇಟ್ಟುಕೊಂಡು ಸಾಕಾಗಿದೆ.

ನಾನು ಸಿಡುಕಿ. ಇದನ್ನು ಮೊದಲೇ ಹೇಳುವುದು ಒಳ್ಳೆಯದು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಿಂದ ಒಳಗೆ, ತೆಂಗಿನ ತೋಟ ಮುಗಿದು ರಾಗಿ ಹೊಲ ಶುರುವಾಗುವ ಕಡೆ ಇರುವ ಸರ್ಕಾರಿ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಮಕ್ಕಳ ಮೇಲೆ ಸಿಡುಕಿದ್ದು ಕಡಿಮೆ. ಪಾಠದ ಕೊನೆಯಲ್ಲಿ ಅಚ್ಚಾಗಿರುವ ಪ್ರಶ್ನೆಗಳ ಮೇಲೆ ಸಿಡುಕಿದ್ದೇ ಹೆಚ್ಚು. ಯಾರು ಯಾರಿಗೆ ಹೇಳಿದರು, ಎಲ್ಲಿಗೆ ಹೋದರು, ಏನು ತಂದರು. ಮಕ್ಕಳು ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕುತ್ತಿದ್ದರು. ಆ ಸಾಲನ್ನು ಹಾಗೇ ಇಳಿಸಿಕೊಳ್ಳುತ್ತಿದ್ದರು. ನಾನು ರೈಟ್ ಹಾಕುತ್ತಿದ್ದೆ. ಅಲ್ಲಿಗೆ ಓದು ಮುಗಿಯಿತು.

ಒಂದು ದಿನ ರೇಗಿಹೋಗಿ ಹಲಗೆಯ ಮೇಲೆ ಅರ್ಥವೇ ಇಲ್ಲದ ಒಂದು ಸಾಲು ಬರೆದೆ: "ಕಿಪುಟನು ಮೊಳಂಗದಲ್ಲಿ ಜಿಬ್ಬೆಗಳನ್ನು ತುರುವಿದನು." ಕೆಳಗೆ ಪ್ರಶ್ನೆ: "ಕಿಪುಟನು ಏನನ್ನು ತುರುವಿದನು?" ಹದಿನೆಂಟು ಮಕ್ಕಳೂ ಕೈ ಎತ್ತಿದರು. "ಜಿಬ್ಬೆಗಳನ್ನು ಮಿಸ್!" ಅಂತ ಒಕ್ಕೊರಲಿನಿಂದ ಕೂಗಿದರು.

"ಜಿಬ್ಬೆ ಅಂದ್ರೆ ಏನ್ರೋ?" ಅಂದೆ.

"ಗೊತ್ತಿಲ್ಲ ಮಿಸ್. ಆದ್ರೆ ಆನ್ಸರ್ ಕರೆಕ್ಟ್ ಐತಲ್ಲ?"

ಅವತ್ತೇ ನಿರ್ಧಾರ ಮಾಡಿದೆ: ಇನ್ನು ಮೇಲೆ ನನ್ನ ತರಗತಿಯಲ್ಲಿ ಉತ್ತರ ಬರೆಯುವುದು ಆಮೇಲೆ. ಮೊದಲು ಪಾಠ ಓದಿ ಮಕ್ಕಳೇ ಪ್ರಶ್ನೆ ಬರೆಯಬೇಕು. ಉತ್ತರ ಪಾಠದ ಸಾಲಿನಲ್ಲೇ ಸಿಕ್ಕರೆ ಅದು ಲೆಕ್ಕಕ್ಕಿಲ್ಲ. ಪಾಠ ಹೇಳದೇ ಬಿಟ್ಟದ್ದನ್ನು ಕೇಳಬೇಕು. ಮತ್ತೆ ಕೇಳಿದವರೇ ಉತ್ತರ ಹುಡುಕಿ ತರಬೇಕು, ಗೊತ್ತಿರುವವರ ಹತ್ತಿರ ಹೋಗಿ ಎದುರಿಗೆ ನಿಂತು ಕೇಳಿ ತರಬೇಕು. ಚೀಟಿಯ ಮೇಲೆ ಹೆಸರು ಬೇಡ. ಓದಿದ ಮೇಲೆ ಮನಸ್ಸಿದ್ದರೆ ಎದ್ದು ನಿಂತು "ಇದು ನಂದು" ಅನ್ನಬಹುದು.

ಚೀಟಿ ಹಾಕುವುದಕ್ಕೆ ಏನಾದರೂ ಬೇಕಲ್ಲ. ಕುರಿ ಕಾಯುವ ಮನೆಯ ಒಬ್ಬಳು ಹುಡುಗಿ ಮಾರನೇ ದಿನ ಅವರಜ್ಜಿಯ ಹಳೇ ಕಂಬಳಿಯ ತುಂಡೊಂದನ್ನು ತಂದಳು. ಅವಳೇ ದಬ್ಬಳದಿಂದ ಹೊಲಿದು ಚೀಲ ಮಾಡಿದ್ದಳು. ಕುರಿಯ ವಾಸನೆ ಇನ್ನೂ ಇತ್ತು. ಮೊಳೆ ಹೊಡೆದು ನೇತು ಹಾಕಿದೆ. ಮೂರು ದಿನ ಕಳೆದರೂ ಒಂದು ಚೀಟಿಯೂ ಬೀಳಲಿಲ್ಲ.

"ಯಾಕ್ರೇ, ಬಾಯಿಗೆ ಬೀಗ ಹಾಕ್ಕಂಡೀರಾ?" ಅಂದೆ.

ಆ ಹುಡುಗಿಯೇ ಎದ್ದಳು. "ಮನೇಲಿ ಗೊತ್ತಾದ್ರೆ ಬೈತಾರೆ ಮಿಸ್."

"ಈ ಚೀಲದಾಗಿನ ಮಾತು ಈ ಕೋಣೆ ದಾಟಲ್ಲ. ಆಯ್ತಾ?"

"ಹಂಗಾದ್ರೆ ಕಂಬಳಿ ಮುಟ್ಟಿ ಹೇಳ್ರಿ."

ಈ ಕಡೆ ಕುರಿಯವರ ಮನೆಗಳಲ್ಲಿ ಕಂಬಳಿ ಹೊದೆಯುವುದಕ್ಕಷ್ಟೇ ಅಲ್ಲ. ದೇವರನ್ನು ಕೂರಿಸುವುದೂ ಅದರ ಮೇಲೆಯೇ. ಕಂಬಳಿ ಮುಟ್ಟಿ ಆಡಿದ ಮಾತಿಗೆ ತಪ್ಪಬಾರದು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಹದಿನೆಂಟು ಮಕ್ಕಳೂ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ನಗುತ್ತಾ ಮುಟ್ಟಿದೆ. ನಗುತ್ತಾ ಮುಟ್ಟಿದೆ ಅನ್ನುವುದು ಈಗ ನೆನಪಾದರೆ ಮೈ ಉರಿಯುತ್ತದೆ.

ಆಮೇಲೆ ನೋಡಬೇಕಿತ್ತು! ಹಳೇ ನೋಟ್‌ಬುಕ್ಕಿನ ಹಾಳೆ, ಕ್ಯಾಲೆಂಡರಿನ ಹಿಂಭಾಗ, ಬಸ್ ಟಿಕೆಟ್ಟು, ಕೈಗೆ ಸಿಕ್ಕಿದ್ದರಲ್ಲೆಲ್ಲಾ ಪ್ರಶ್ನೆ. ಕಾಗೆ ಮತ್ತು ಹೂಜಿಯ ಕಥೆ ಓದಿದ ದಿನ, "ಕಲ್ಲು ಹಾಕಿದ ಮೇಲೆ ಆ ಹೂಜಿಯವರ ಮನೇಲಿ ನೀರು ಕುಡಿಯೋರು ಏನು ಮಾಡಿದರು?" ಅಂತ ಒಬ್ಬ ಕೇಳಿದ್ದ. ಹಬ್ಬದ ಪಾಠ ಓದಿದ ದಿನ, "ಪಾಠದಾಗೆ ಎಲ್ಲಾರೂ ಹೋಳಿಗೆ ತಿಂದರು. ಹೂರಣ ರುಬ್ಬಿದೋರು ಯಾರು?" ಅಂತ ಇನ್ನೊಂದು ಚೀಟಿ. ಉತ್ತರಕ್ಕೆ ಊರೆಲ್ಲಾ ಸುತ್ತಿ ಬರುತ್ತಿದ್ದರು. ನನ್ನ ಮಕ್ಕಳು ಓದುತ್ತಿದ್ದಾರೆ ಅಂತ ಆಗ ಮೊದಲ ಸಲ ಅನ್ನಿಸಿತು.

ಇನ್ನು ನನ್ನ ಗೆಳತಿಯೊಬ್ಬಳ ವಿಷಯ. ಚಿತ್ರದುರ್ಗದಲ್ಲಿ ಶಿಕ್ಷಕರ ತರಬೇತಿ ಓದುವಾಗ ಅವಳೂ ನಾನೂ ಒಂದೇ ರೂಮು, ಒಂದೇ ಸೀಮೆಎಣ್ಣೆ ಸ್ಟೌ. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವಳು. ಅವಳಿಗೆ ಹಿರಿಯೂರು ತಾಲ್ಲೂಕು ಸಿಕ್ಕಿತು, ನನಗೆ ಹೊಸದುರ್ಗ. ಊರು ದೂರವಾದರೂ ಮಾತು ನಿಲ್ಲಲಿಲ್ಲ. ದಿನಾ ಸಂಜೆ ಬಸ್ಸಿಗೆ ಕಾಯುವಾಗ ಅವಳಿಗೊಂದು ಫೋನು. ಚೀಲದ ವಿಷಯ ಹೇಳಿದಾಗ, "ಒಂದೆರಡು ಚೀಟಿ ಫೋಟೋ ಹೊಡ್ದು ಕಳ್ಸೇ, ನೋಡಾಣ" ಅಂದಳು. ಕಳಿಸಿದೆ. "ಚಿನ್ನ ಕಣೇ ಇವು" ಅಂದಳು. ನನಗೆ ಖುಷಿಯೋ ಖುಷಿ. ನಮ್ಮ ಶಾಲೆಯಲ್ಲಿ ಇದನ್ನು ಮೆಚ್ಚುವವರು ಯಾರಿದ್ದರು? ಹಿತ್ತಲ ಗಿಡ ಮದ್ದಲ್ಲವಲ್ಲ! ವಾರವಾರವೂ ಕಳಿಸಿದೆ. ಗೆಳತಿಗೆ ತೋರಿಸುವುದೂ ಹೊರಗೆ ಹೇಳುವುದೂ ಒಂದೇನಾ? ಅವಳೆಂದರೆ ನಾನೇ ಅಂತ ಅಂದುಕೊಂಡಿದ್ದೆ.

ಎರಡನೇ ವರ್ಷ ಅದೇ ಮಕ್ಕಳು ನಾಲ್ಕರಿಂದ ಐದನೇ ತರಗತಿಗೆ ಬಂದರು, ಕೋಣೆ ಮಾತ್ರ ಅದೇ; ಆಗ ಒಂದು ಪಾಠ ಓದಿದೆವು. ಕುರಿ ಮೇಯಿಸುವ ಅಜ್ಜಿಯೊಬ್ಬಳು ತನ್ನ ಕುರಿಗಳಿಗೆಲ್ಲ ಹೆಸರಿಟ್ಟಿರುತ್ತಾಳೆ, ಕರೆದರೆ ಬರುತ್ತವೆ, ಅಷ್ಟೇ ಕಥೆ. ಅವತ್ತು ಚೀಲದಿಂದ ಗಿಣಿಹಸಿರು ಬಣ್ಣದ ಚೀಟಿಯೊಂದು ಬಂತು. ಲಗ್ನಪತ್ರಿಕೆಯನ್ನು ಕತ್ತರಿಸಿ ಅದರ ಹಿಂದೆ ಬರೆದದ್ದು, ಮೂಲೆಯಲ್ಲಿ ಅರಿಶಿನದ ಹೆಬ್ಬೆರಳ ಗುರುತು ಇನ್ನೂ ಇತ್ತು.

"ನಮ್ಮಪ್ಪನೂ ಕುರಿಗೆಲ್ಲ ಹೆಸರು ಇಟ್ಟಾನೆ. ಕೆಂಚಿ, ಚುಕ್ಕಿ ಅಂತ ಕರೀತಾನೆ. ಅವ್ವನಿಗೂ ಹೆಸರು ಐತೆ. ಅವಳನ್ನ ಮಾತ್ರ ಲೇ ಅಂತಾನೆ. ಯಾಕೆ?"

ತರಗತಿಯೆಲ್ಲಾ ಗೊಳ್ಳೆಂದು ನಕ್ಕಿತು. ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು. "ನಮ್ಮನೇಲೂ ಹಂಗೇ ಮಿಸ್" ಅಂದ ಒಬ್ಬ. ಕಂಬಳಿ ತಂದ ಹುಡುಗಿ ಎದ್ದು, "ಇದು ನಂದು" ಅಂದಳು.

"ಉತ್ತರ ಯಾರತ್ರ ಕೇಳ್ತೀಯ?"

"ಮೊದ್ಲು ಅವ್ವನ್ನ ಕೇಳ್ತೀನಿ. ಆಮೇಲೆ ಧೈರ್ಯ ಬಂದ್ರೆ ಅಪ್ಪನ್ನ."

ಎರಡು ದಿನ ಬಿಟ್ಟು ಅವ್ವನ ಉತ್ತರ ತಂದಳು. ಅವ್ವ ರೊಟ್ಟಿ ತಟ್ಟುತ್ತಾ ನಕ್ಕು ಹೇಳಿದಳಂತೆ: "ಕುರಿ ಕಳೆದೋದ್ರೆ ಹುಡುಕಬೇಕಲ್ಲ, ಅದಕ್ಕೆ ಹೆಸ್ರು. ನಾನೆಲ್ಲಿ ಕಳೆದೋಗ್ತೀನಿ?"

ಪಾಠ ಬರೆದವರಿಗೂ ಹೊಳೆಯದ ಮಾತು ಅದು. ಸಂಜೆ ಬಸ್ಸಿಗೆ ಕಾಯುತ್ತಾ ಚೀಟಿಯ ಫೋಟೋ, ಅವ್ವನ ಮಾತು, ಎರಡನ್ನೂ ಗೆಳತಿಗೆ ಕಳಿಸಿದೆ. ಅವಳು ಕೈಮುಗಿಯುವ ಚಿತ್ರಗಳನ್ನು ಸಾಲಾಗಿ ಕಳಿಸಿದಳು.

ಕೆಲವು ತಿಂಗಳಾದ ಮೇಲೆ ಚಿತ್ರದುರ್ಗದಲ್ಲಿ ಶಿಕ್ಷಕರಿಗೆ ಓದಿನ ಬಗ್ಗೆ ಒಂದು ತರಬೇತಿ. ಅಷ್ಟರಲ್ಲಿ ಗೆಳತಿ ಸಂಪನ್ಮೂಲ ವ್ಯಕ್ತಿ ಆಗಿದ್ದಳು, ಅಂದರೆ ಉಳಿದ ಶಿಕ್ಷಕರಿಗೆ ಪಾಠ ಹೇಳುವವಳು. ಅವಳ ಮಾತಿದೆ ಅಂತ ನಾನು ಹೊಸ ಸೀರೆ ಉಟ್ಟುಕೊಂಡು, ಹೊಳಲ್ಕೆರೆ ಮೇಲೆ ಬಸ್ಸಿನಲ್ಲಿ ನಿಂತೇ ಹೋದೆ. ಅವಳಿಗೆ ಇಷ್ಟ ಅಂತ ಡಬ್ಬಿಯಲ್ಲಿ ಚಟ್ನಿಪುಡಿ ಇತ್ತು. ಮೂರನೇ ಸಾಲಿನಲ್ಲಿ ಕೂತೆ.

ಪರದೆಯ ಮೇಲೆ ಮೊದಲ ಚಿತ್ರವೇ ಒಂದು ಕಂಬಳಿ ಚೀಲ. ನಮ್ಮದಲ್ಲ, ಹೊಸ ಕಂಬಳಿಯದು, ಅಂಚಿಗೆ ಜರಿ ಹೊಲಿಸಿದ್ದಳು. "ಇದು ನಾನು ನಮ್ಮ ಶಾಲೆಯಲ್ಲಿ ಮಾಡಿದ ಪ್ರಯೋಗ" ಅಂದಳು. ಇರಲಿ, ಮುಂದೆ ನನ್ನ ಹೆಸರು ಹೇಳುತ್ತಾಳೆ ಅಂದುಕೊಂಡೆ. ಹೂಜಿಯ ಚೀಟಿ ಬಂತು, ಹೂರಣದ ಚೀಟಿ ಬಂತು. ನನ್ನ ಹೆಸರು ಬರಲಿಲ್ಲ. ಕೊನೆಗೆ ಗಿಣಿಹಸಿರು ಚೀಟಿ ಗೋಡೆಯಷ್ಟು ದೊಡ್ಡದಾಗಿ ಬಂತು, ಅರಿಶಿನದ ಗುರುತು ಸಮೇತ. "ನಮ್ಮ ಐದನೇ ತರಗತಿಯ ಮಗು ಕೇಳಿದ್ದು" ಅಂದಳು. ಅವ್ವನ ಮಾತನ್ನೂ ಹೇಳಿದಳು, ಧ್ವನಿ ನಡುಗಿಸಿ ಹೇಳಿದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಕ್ಕದವರು ಕಣ್ಣೊರೆಸಿಕೊಂಡು, "ಎಂಥಾ ಟೀಚರ್ ನೋಡ್ರಿ" ಅಂದರು. ನಾನೊಬ್ಬಳೇ ಕೂತಿದ್ದೆ.

ಊಟದ ಹೊತ್ತಿಗೆ ಕೈತೊಳೆಯುವ ಕಡೆ ಅವಳನ್ನು ಹಿಡಿದು ನಿಲ್ಲಿಸಿದೆ. "ಏನೇ ಇದು? ಯಾರ ಮಕ್ಕಳೇ ಅವು?"

"ಅಯ್ಯೋ, ಅದಕ್ಯಾಕೆ ಮುಖ ಊದಿಸ್ಕಂಡೀಯ? ಟೈಮ್ ಕಮ್ಮಿ ಇತ್ತು ಕಣೇ. ನಿನ್ ಹೆಸ್ರು ಹೇಳಿದ್ರೆ ಎಲ್ಲಾ ಕಥೆ ಹೇಳ್ಬೇಕಾಗ್ತಿತ್ತು."

"ನಮ್ಮ ಶಾಲೆ ಅಂದ್ಯಲ್ಲ, ಅದಕ್ಕೂ ಟೈಮ್ ಕಮ್ಮಿ ಇತ್ತಾ?"

"ನಿಂದಾದ್ರೇನು ನಂದಾದ್ರೇನು, ಮಕ್ಕಳಿಗೆ ಒಳ್ಳೇದಾದ್ರೆ ಸಾಕಲ್ವಾ? ನೀನೇ ತಾನೇ ಕಳ್ಸಿದ್ದು."

"ಹೌದಮ್ಮ, ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ! ಕುರಿ ಕಾಯೋಕೆ ತೋಳನ್ನ ಬಿಟ್ಟೆ ನಾನು" ಅಂದೆ. ಸುತ್ತ ನಿಂತವರು ತಿರುಗಿ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಚಟ್ನಿಪುಡಿಯ ಡಬ್ಬಿ ಹಾಗೇ ವಾಪಸ್ ಬಂತು. ಬಸ್ಸಿನಲ್ಲಿ ಹೊಸದುರ್ಗದವರೆಗೂ ಅತ್ತೆ. ಗಂಜಿ ಕಾಯಿಸಿ ಕೊಟ್ಟ ಕೈಯೇ ಹೀಗೆ ಮಾಡಿತಲ್ಲ ಅನ್ನುವುದು ತಡೆಯಲಾಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನನ್ನ ಹೊಟ್ಟೆಯುರಿ ನನಗೇ ಇರುತ್ತಿತ್ತು. ತರಬೇತಿಯಲ್ಲಿ ಯಾರೋ ಮೊಬೈಲಿನಲ್ಲಿ ವಿಡಿಯೋ ಹಿಡಿದಿದ್ದರು. ಅದು ಗುಂಪಿನಿಂದ ಗುಂಪಿಗೆ ಹಾರಿ ನಮ್ಮೂರಿನ ಫೋನುಗಳಿಗೂ ಬಂತು. ಮಗು ಹಿರಿಯೂರು ಕಡೆಯದು ಅಂತ ಅವಳೇನೋ ಹೇಳಿದ್ದಳು. ಆದರೆ ಆ ಗಿಣಿಹಸಿರು ಲಗ್ನಪತ್ರಿಕೆ ನಮ್ಮೂರಿನ ಮನೆಮನೆಯ ಗೂಡಿನಲ್ಲೂ ಇತ್ತು. ಹುಡುಗಿಯ ಅಪ್ಪನೇ ತನ್ನ ತಂಗಿಯ ಮದುವೆಗೆ ಅಚ್ಚು ಹಾಕಿಸಿ, ಅರಿಶಿನ ಹಚ್ಚಿ, ಬಾಗಿಲು ಬಾಗಿಲಿಗೆ ಕೊಟ್ಟಿದ್ದ. ಕೆಂಚಿ, ಚುಕ್ಕಿ ಯಾರ ಕುರಿಗಳು ಅಂತಲೂ ಊರಿಗೇ ಗೊತ್ತು. ಹೋಟೆಲ್ ಮುಂದೆ ಅವನು ಹಾದುಹೋದರೆ ಸಾಕು, "ಏನಪ್ಪ, ಹೆಂಡ್ತಿ ಹೆಸ್ರು ನೆನಪೈತಾ? ಇಲ್ಲಾ ಕೆಂಚಿನ್ನೇ ಕೇಳಾಣಾ?" ಅಂತ ಶುರು ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಅವನು ಶಾಲೆಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕೋಲನ್ನು ಬಾಗಿಲ ಹೊರಗೇ ಒರಗಿಸಿದ. "ಕುಂತ್ಕಳ್ರಿ" ಅಂದೆ. ಕೂರಲಿಲ್ಲ.

"ಬೈಯೋಕೆ ಬಂದಿಲ್ರಿ ಮೇಡಂ. ತಪ್ಪು ತಿಳ್ಕಬ್ಯಾಡ್ರಿ. ನಮ್ಮಪ್ಪನೂ ನಮ್ಮವ್ವನ್ನ ಹೆಸ್ರಿಡಿದು ಕರೀಲಿಲ್ಲ. ನಾಲ್ಕು ಜನದ ಮುಂದೆ ಹೆಂಡ್ತಿ ಹೆಸ್ರು ಕೂಗೋದು ನಮ್ಮಲ್ಲಿ ಮರ್ವಾದೆ ಅಲ್ಲ. ಅದು ಅಸಡ್ಡೆ ಅಲ್ರಿ." ಹೆಗಲ ಕಂಬಳಿ ಸರಿಮಾಡಿಕೊಂಡ. "ಮಗ್ಳು ನನ್ನೇ ಕೇಳಿದ್ರೆ ಇದ್ನೇ ಹೇಳ್ತಿದ್ದೆ. ನನ್ನ ಕೇಳೋಕ್ ಮುಂಚೆ ದುರ್ಗದ ಜನಕ್ಕೆಲ್ಲ ಕೇಳಿಸಿಬಿಟ್ರಿ."

"ನಾನಲ್ಲ ಕಣಪ್ಪ! ಇನ್ನೊಬ್ಬ ಟೀಚರ್ ಮಾಡಿದ್ದು. ನನಗೂ ಮೋಸ ಆಗೈತೆ" ಅಂದೆ. ಮೈಮೇಲೆ ದೇವರು ಬಂದವಳ ಹಾಗೆ ಗೆಳತಿಯನ್ನು ಬೈದೆ. ಅವನು ಪೂರ್ತಿ ಕೇಳಿಸಿಕೊಂಡ.

"ಮೋಸ ಯಾರ್ ಮಾಡಿದ್ರೋ ನಂಗೆ ಗೊತ್ತಿಲ್ರಿ. ಮಗ್ಳು ಎಂಟು ದಿನದಿಂದ ನನ್ನ ಮುಖ ನೋಡಿ ಮಾತಾಡ್ತಿಲ್ಲ. ಕುರಿ ಹಟ್ಟಿಗೂ ಬರ್ತಿಲ್ಲ. ಓದ್ಲಿ, ಬರೀಲಿ. ಆ ಚೀಲದ ಆಟ ಮಾತ್ರ ಬ್ಯಾಡ್ರಿ." ಕೋಲು ತೆಗೆದುಕೊಂಡು ಹೋದ.

ಚೀಲ ಬರಿದಾಯಿತು. ಜೋರು ಮಾಡಿದರೆ ಮಕ್ಕಳು ಹಾಕುತ್ತಿದ್ದರು. ಏನು ಹಾಕುತ್ತಿದ್ದರು? "ಈ ಪದ್ಯದಲ್ಲಿ ಎಷ್ಟು ಸಾಲುಗಳಿವೆ?" "ಪಾಠದ ಹೆಸರೇನು?" ಮತ್ತೆ ಅದೇ ಜಿಬ್ಬೆ! ಆ ಹುಡುಗಿಯಂತೂ ಪುಸ್ತಕದ ಕೊನೆಯ ಪ್ರಶ್ನೆಯನ್ನೇ ದುಂಡಗೆ ಬರೆದು, ನಾಲ್ಕು ಮಡಿಕೆ ಮಡಿಚಿ ಹಾಕುತ್ತಿದ್ದಳು. ನನ್ನ ಕಣ್ಣು ತಪ್ಪಿಸುತ್ತಿದ್ದಳು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಓದುವ ಮಗು ಅವಳು. ಅವಳ ಬಾಯಿ ಮುಚ್ಚಿಹೋದರೆ ನಾನು ಟೀಚರಾಗಿ ಮಾಡಿದ್ದಾದರೂ ಏನು? ಅವಳು ಇನ್ನೊಂದು ನಿಜವಾದ ಪ್ರಶ್ನೆ ಕೇಳಬೇಕು, ಅಷ್ಟೇ ನನಗೆ ಬೇಕಾಗಿತ್ತು. ತಪ್ಪು ನನ್ನದಲ್ಲ ಅಂತ ಗೊತ್ತಾದರೆ ಕೇಳುತ್ತಾಳೆ ಅಂದುಕೊಂಡೆ.

ಅದಕ್ಕೇ ಒಂದು ಶನಿವಾರ ಹಲಗೆಯ ತುಂಬಾ ನಾನೇ ಒಂದು ಪಾಠ ಬರೆದೆ.

"ಒಬ್ಬಳು ಶಿಕ್ಷಕಿ ಇದ್ದಳು. ಅವಳ ತರಗತಿಯಲ್ಲಿ ಒಂದು ಚೀಲವಿತ್ತು. ಅದರಲ್ಲಿ ಮಕ್ಕಳ ಪ್ರಶ್ನೆಗಳಿದ್ದವು. ಶಿಕ್ಷಕಿಗೆ ಒಬ್ಬಳು ಗೆಳತಿ ಇದ್ದಳು. ಗೆಳತಿ ಆ ಪ್ರಶ್ನೆಗಳನ್ನು ಕದ್ದಳು. ಊರ ಮುಂದೆ ಅವು ತನ್ನವೇ ಎಂದು ಹೇಳಿದಳು. ಶಿಕ್ಷಕಿಗೆ ತುಂಬಾ ದುಃಖವಾಯಿತು. ಮಕ್ಕಳಿಗೂ ದುಃಖವಾಯಿತು."

"ಓದ್ರಿ. ಪಾಠ ಹೇಳದೇ ಇರೋದನ್ನ ಕೇಳ್ರಿ" ಅಂದೆ. ಯಾರ ಕಥೆ ಅಂತ ಎಲ್ಲರಿಗೂ ಗೊತ್ತಾಯಿತು. ಬಹಳ ಹೊತ್ತು ಯಾರೂ ಪೆನ್ಸಿಲ್ ಎತ್ತಲಿಲ್ಲ. ಆಮೇಲೆ ಆ ಹುಡುಗಿ ಬಗ್ಗಿ ಬರೆಯತೊಡಗಿದಳು. ಬರೆದು, ಅಳಿಸಿ, ಮತ್ತೆ ಬರೆದಳು. ನನ್ನ ಜೀವ ಹಗುರಾಯಿತು. ಅವಳು ಎದ್ದು ಬಂದು ಚೀಲದಲ್ಲಿ ಹಾಕಿದಳು. ಅವತ್ತು ಬಿದ್ದದ್ದು ಅದೊಂದೇ ಚೀಟಿ.

ತೆಗೆದು ಗಟ್ಟಿಯಾಗಿ ಓದಿದೆ.

"ಆ ಗೆಳತಿ ನಮ್ಮ ಶಾಲೆಗೆ ಒಂದು ದಿನಾನೂ ಬಂದಿಲ್ಲ. ಚೀಲ ಇಲ್ಲೇ ಮೊಳೆಗೆ ಐತೆ. ಹಂಗಾದ್ರೆ ಚೀಟಿ ಅವರ ಹತ್ರ ಹೆಂಗೆ ಹೋತು?"

ಓದಿ ಮುಗಿಸಿ ತಲೆಯೆತ್ತಿದೆ. ಹುಡುಗಿ ಎದ್ದು ನಿಂತಿದ್ದಳು.

"ಇದು ನಂದು ಮಿಸ್" ಅಂದಳು. "ಗೊತ್ತಿರೋರ ಎದುರಿಗೆ ನಿಂತು ಕೇಳ್ಬೇಕು ಅಂತ ನೀವೇ ಹೇಳಿದ್ರಿ. ಅದಕ್ಕೆ ನಿಮ್ಮನ್ನ ಕೇಳ್ತಿದೀನಿ."

ಮುಂದೆ ಬಂದು ಮೊಳೆಯಿಂದ ಚೀಲ ತೆಗೆದಳು. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು. ಕಣ್ಣು ತಪ್ಪಿಸಲಿಲ್ಲ. ಅಷ್ಟು ದಿನವಾದ ಮೇಲೆ ನನ್ನ ಮುಖ ನೋಡಿದ್ದಳು.

ಗೆಳತಿ ಕದ್ದಳು ಅಂತ ಎಲ್ಲರ ಹತ್ತಿರವೂ ಹೇಳಿಕೊಂಡು ಬಂದಿದ್ದೆ. ಆಗಿನ ಹೆಡ್‌ಮಾಸ್ತರರಿಗೆ ಹೇಳಿದ್ದೆ, ಮನೆಯಲ್ಲಿ ಹೇಳಿದ್ದೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೆ. ಎಲ್ಲರೂ ಲೊಚಗುಟ್ಟಿ ಅಯ್ಯೋ ಅಂದಿದ್ದರು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಕಂಬಳಿಯ ಮೇಲೆ ಕೈಯಿಟ್ಟೆ.

"ನಾನೇ ಕಳ್ಸಿದ್ದು ಕಣವ್ವ. ಫೋನಿನಾಗೆ ಫೋಟೋ ತೆಗ್ದು ಕಳ್ಸಿದೆ."

"ನನ್ನ ಚೀಟಿ ಒಂದೇನಾ?"

ಹಿಂದಿನ ಬೆಂಚಿನಲ್ಲಿ ಪೆನ್ಸಿಲ್ಲೊಂದು ಉರುಳಿ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ.

"ಅಲ್ಲ. ಎಲ್ಲಾರದೂ" ಅಂದೆ.

ಹದಿನೆಂಟು ಮಕ್ಕಳು. ಯಾರ್ಯಾರು ಯಾವ್ಯಾವ ಚೀಟಿ ನೆನಪು ಮಾಡಿಕೊಂಡರೋ. ಅಪ್ಪ ಕುಡಿದು ಬಂದದ್ದನ್ನು ಬರೆದವನಿದ್ದ, ಅಕ್ಕನನ್ನು ಶಾಲೆ ಬಿಡಿಸಿದ್ದನ್ನು ಬರೆದವಳಿದ್ದಳು. ನನ್ನ ಕೈ ಇನ್ನೂ ಕಂಬಳಿಯ ಮೇಲೇ ಇತ್ತು. "ತಪ್ಪಾತು" ಅಂದೆ. ಟೀಚರಾಗಿ ಅಲ್ಲಿಯವರೆಗೆ ಆ ಮಾತನ್ನು ಮಕ್ಕಳಿಗೆ ಹೇಳಿದ್ದು ನೆನಪಿಲ್ಲ.

ಹುಡುಗಿ ತಲೆಯಾಡಿಸಿದಳು, ಉತ್ತರ ಸಿಕ್ಕಿತು ಅನ್ನುವ ಹಾಗೆ. ಚೀಲವನ್ನು ಮೊಳೆಗೆ ಹಾಕಲಿಲ್ಲ. ಚೊಕ್ಕವಾಗಿ ಮಡಿಚಿ ತನ್ನ ಶಾಲಾ ಬ್ಯಾಗಿನಲ್ಲಿ ಇಟ್ಟುಕೊಂಡು ಜಿಪ್ ಎಳೆದಳು. ಅದು ಅವರಜ್ಜಿಯ ಕಂಬಳಿ. ಕೊಡು ಅಂತ ನಾನು ಕೇಳಲಿಲ್ಲ.